ಫೋಟೊ ನೋಡಿ ಬಿಡಿಸಿದರೆ ಭೇಷ್, ಎದುರಿಗೆ ಕೂತರೆ ಬೇರೆಯವರ ಮುಖ!

ಪ್ರಶ್ನೆ: ಮೈಸೂರಿನಲ್ಲಿ ಬಿವಿಎ (ದೃಶ್ಯಕಲಾ ಪದವಿ) ಎರಡನೇ ವರ್ಷ ಓದುತ್ತಿದ್ದೇನೆ. ಫೋಟೊ ಮೇಲೆ ಗ್ರಿಡ್ (ಚೌಕಗಳ ಗೆರೆ) ಹಾಕಿ ಪೋರ್ಟ್ರೇಟ್ ಬಿಡಿಸಿದರೆ ಎಲ್ಲರೂ ಹೊಗಳುತ್ತಾರೆ, ಆರ್ಡರ್ ಕೂಡ ಬರುತ್ತದೆ. ಆದರೆ ಕ್ಲಾಸಿನಲ್ಲಿ ಮಾಡೆಲ್ ಎದುರು ಕೂತರೆ ಹೋಲಿಕೆಯೇ ಬರುವುದಿಲ್ಲ. ಸರ್ ಎಲ್ಲರ ಮುಂದೆ 'ಇಷ್ಟು ದಿನ ಜೆರಾಕ್ಸ್ ಮಾಡ್ತಿದ್ದೆಯಾ' ಅಂದುಬಿಟ್ಟರು. ಕೋರ್ಸ್ ಬಿಡೋಣ ಅನಿಸಿದೆ. ಅಪ್ಪನಿಗೆ ಹೇಗೆ ಹೇಳಲಿ?

ಉತ್ತರ: ಅಪ್ಪನಿಗೆ ಈಗಲೇ ಏನೂ ಹೇಳಬೇಡಿ.

ಸರ್ ಹಾಗೆ ಎಲ್ಲರೆದುರು ಅನ್ನಬಾರದಿತ್ತು. ಆದರೆ ಸಿಟ್ಟು ಇಳಿದ ಮೇಲೆ ನೋಡಿದರೆ ಆ ಮಾತಿನಲ್ಲಿ ಒಂದೆಳೆ ನಿಜವೂ ಇದೆ ಅಲ್ವಾ? ಫೋಟೊದಲ್ಲಿ ಮೂಗು ಆಗಲೇ ಚಪ್ಪಟೆಯಾಗಿ ಹಾಳೆಗೆ ಅಂಟಿರುತ್ತದೆ, ನೆರಳು ಅಲ್ಲಾಡುವುದಿಲ್ಲ, ಅಳತೆಯನ್ನು ಗ್ರಿಡ್ಡೇ ಮಾಡಿಕೊಡುತ್ತದೆ, ನಿಮಗೆ ಉಳಿಯುವುದು ಹೆಚ್ಚುಕಮ್ಮಿ ಶೇಡಿಂಗ್ ಮಾತ್ರ. ಅದನ್ನು ನಿಮ್ಮ ಕೈ ಚೆನ್ನಾಗಿ ಕಲಿತಿದೆ. ಅಳೆಯುವುದನ್ನು ಕಣ್ಣು ಇನ್ನೂ ಕಲಿತಿಲ್ಲ, ಅಷ್ಟೇ.

ನೀವು ಕಳಿಸಿದ ಹಾಳೆ ನೋಡಿದೆ. ರೆಪ್ಪೆಗೂದಲು ಒಂದೊಂದೂ ಚೆಂದ. ಆದರೆ ಎರಡು ಕಣ್ಣೂ ಹಣೆಗೆ ಏರಿ ಕೂತಿವೆ! ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಕಣ್ಣು ಬರುವುದು ಸುಮಾರು ಅರ್ಧಕ್ಕೆ. ಕಣ್ಣು, ಮೂಗು, ಬಾಯಿಯ ಮೇಲೇ ನಮಗೆ ಆಸೆ ಜಾಸ್ತಿ, ಹಾಗಾಗಿ ಬರೀ ಕೂದಲಿರುವ ಜಾಗವನ್ನು ಎಲ್ಲರೂ ಕುಗ್ಗಿಸಿಬಿಡುತ್ತಾರೆ. ನೀವು ಕಣ್ಣಿನಿಂದ ಶುರು ಮಾಡಿದ್ದೀರಿ ಅಂತ ಹಾಳೆಯೇ ಹೇಳುತ್ತಿದೆ. ಮೊದಲು ಇಡೀ ತಲೆಯ ಆಕಾರ, ಅದರ ವಾಲು, ಕತ್ತು ಎಲ್ಲಿಂದ ಹೊರಟಿದೆ ಅನ್ನುವುದು ಬರಲಿ. ರೆಪ್ಪೆ ಕಡೆಗೆ.

ಪೆನ್ಸಿಲ್ ಹಿಡಿದು ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಮಾಡೆಲ್ ತಲೆ ಪೆನ್ಸಿಲ್ ಮೇಲೆ ಎಷ್ಟುದ್ದ ಬರುತ್ತದೆ ಅಂತ ಅಳೆಯಿರಿ. ಮೊಣಕೈ ಮಡಚಿದರೆ ಅಳತೆ ಕೆಟ್ಟಿತು. ನಿಂತ ಮನುಷ್ಯ ತನ್ನ ತಲೆಯ ಏಳು, ಏಳೂವರೆಯಷ್ಟು ಎತ್ತರ ಇರುತ್ತಾನೆ ಅನ್ನುವ ಲೆಕ್ಕ ಗೊತ್ತಿದ್ದರೆ ಒಳ್ಳೆಯದೇ, ಆದರೆ ಮಾಡೆಲ್ ಕೂತಾಗ ಅದು ಕೆಲಸಕ್ಕೆ ಬರಲ್ಲ, ಹೊಸದಾಗಿ ಅಳೆಯಲೇಬೇಕು. ವಾರಕ್ಕೆರಡು ದಿನ ದೇವರಾಜ ಮಾರುಕಟ್ಟೆಗೆ ಹೋಗಿ, ಹೂ ಕಟ್ಟುವವರನ್ನು ಒಂದು ಮಾತು ಕೇಳಿ, ಎರಡೆರಡು ನಿಮಿಷದ ಸ್ಕೆಚ್ ಮಾಡಿ. ರಬ್ಬರ್ ಹಾಸ್ಟೆಲಿನಲ್ಲೇ ಇರಲಿ. ಬೆನ್ನಿನ ಬಾಗು, ತೊಡೆ ಮೇಲಿನ ಕೈ, ಅಷ್ಟು ಸಿಕ್ಕರೆ ಸಾಕು.

ನಕಲು ಮಾಡಿದ್ದಕ್ಕೆ ನಾಚಿಕೆ ಬೇಡ. ವ್ಯಾನ್ ಗೋ ಕಲಾವಿದನಾಗಲು ಹೊರಟಿದ್ದೇ 1880ರಲ್ಲಿ, 27ನೇ ವಯಸ್ಸಿಗೆ. ಫ್ರೆಂಚ್ ಕಲಾವಿದ ಶಾರ್ಲ್ ಬಾರ್ಗ್ ಮಾಡಿಟ್ಟ ಅಭ್ಯಾಸದ ಹಾಳೆಗಳನ್ನು ಮತ್ತೆ ಮತ್ತೆ ನಕಲು ಮಾಡುತ್ತಿದ್ದ, ಜೊತೆಗೆ ಎದುರಿಗಿದ್ದ ಜನರನ್ನೂ ಬಿಡಿಸುತ್ತಿದ್ದ. ನಿಮ್ಮಲ್ಲಿ ಬಿಟ್ಟುಹೋಗಿರುವುದು ಆ ಎರಡನೆಯದು. ಆರ್ಡರ್ ಬಿಡಬೇಡಿ, ಇದ್ದಿಲಿಗೂ ಚಿತ್ರ ಬಿಡಿಸುವ ದಪ್ಪ ಕಾರ್ಟ್ರಿಜ್ ಹಾಳೆಗೂ ದುಡ್ಡು ಬೇಕಲ್ಲ.

ನಾನು ಕಲಿಯುವಾಗ ಅಜ್ಜಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ಚಿತ್ರ ಬರೆದು ತೋರಿಸಿದ್ದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, 'ನಿಮ್ಮಜ್ಜನ ತಂಗಿ ಥರಾನೇ ಇದೆ ಕಣೋ' ಅಂದರು. ಅವರಿಬ್ಬರಿಗೂ ಮಾತೇ ಇರಲಿಲ್ಲ! ಆ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ. ನೀವೂ ಒಂದನ್ನೂ ಹರಿಯಬೇಡಿ, ಮೂಲೆಯಲ್ಲಿ ತಾರೀಖು ಹಾಕಿಡಿ, ಆರು ತಿಂಗಳಾದ ಮೇಲೆ ನೆಲದ ಮೇಲೆ ಹರಡಿ ನೋಡಿ. ಕೋರ್ಸ್ ಬಿಡುವ ಮಾತು ಆಮೇಲೆ.

ಈ ಸಲ ಊರಿಗೆ ಹೋದಾಗ ಅಪ್ಪ ಪೇಪರ್ ಓದುತ್ತಾ ಕೂರುತ್ತಾರಲ್ಲ, ಆಗ ಸುಮ್ನೆ ಎದುರಿಗೆ ಕೂತು ಬಿಡಿಸಿ. ಹೋಲದಿದ್ದರೂ ತೋರಿಸಿ.