ತೋಟದ ಪ್ರಶ್ನೋತ್ತರ: ಗೊಬ್ಬರ ಹೆಚ್ಚಾದರೆ ಮಲಗುವ ಕೋನ್‌ಫ್ಲವರ್

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅಮೆರಿಕದ ಕನ್ನಡಿಗರವು, ಬಹುಪಾಲು ಒಂದೇ ಹೂವಿನ ಬಗ್ಗೆ. ನಸುನೇರಳೆ ಎಸಳುಗಳು ಕೆಳಗೆ ಜೋತು, ನಡುವೆ ಕಿತ್ತಳೆ-ಕಂದು ಬಣ್ಣದ ಮುಳ್ಳುಮುಳ್ಳಾದ ಶಂಕು ಎದ್ದು ನಿಲ್ಲುವ ಕೋನ್‌ಫ್ಲವರ್, ಅಂದರೆ ಎಕಿನೇಸಿಯ. ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ್ದು. ತವರು ಅಮೆರಿಕದ ನಡುನಾಡಿನ ಹುಲ್ಲುಗಾವಲು. ಬಂದ ದೂರುಗಳಲ್ಲಿ ಅರ್ಧಕ್ಕರ್ಧ ಅತಿಯಾದ ಉಪಚಾರದಿಂದಲೇ ಹುಟ್ಟಿದವು.

ಪ್ರಶ್ನೆ: ಹಿತ್ತಲಲ್ಲಿ ದಿನವಿಡೀ ಬಿಸಿಲು. ಮಡಿಗೆ ಎರಡು ಚೀಲ ಸಗಣಿ ಗೊಬ್ಬರ ಹಾಕಿ ಆರು ಗಿಡ ನೆಟ್ಟೆವು. ನಾಲ್ಕು ಅಡಿ ಬೆಳೆದು, ಹೂ ಬಿಡುವ ಹೊತ್ತಿಗೆ ಎಲ್ಲವೂ ಮಲಗಿದವು. ದಿನಾ ನೀರು ಕೊಡುತ್ತಿದ್ದೇವೆ. ಏನು ಕಡಿಮೆಯಾಗಿದೆ? — ನೇಪರ್‌ವಿಲ್, ಇಲಿನಾಯ್

ಕಡಿಮೆಯಾದದ್ದು ಏನೂ ಇಲ್ಲ, ಎರಡು ಹೆಚ್ಚಾಗಿವೆ: ಸಾರಜನಕ ಮತ್ತು ನೀರು. ಸಾರಜನಕ ಹೆಚ್ಚಾದಾಗ ಕಾಂಡ ಬೇಗ ಉದ್ದವಾಗುತ್ತದೆ, ಆದರೆ ಗಟ್ಟಿಯಾಗುವುದಿಲ್ಲ. ಹೂವಿನ ಭಾರಕ್ಕೆ ಬಾಗುತ್ತದೆ. ಪಕ್ಕದಲ್ಲಿ ಲಾನ್ ಇದ್ದರೆ ಅದಕ್ಕೆ ಎರಚುವ ರಸಗೊಬ್ಬರವೂ ಮಡಿಗೆ ಹರಿದು ಬರುತ್ತಿರಬಹುದು, ಗಮನಿಸಿ. ಗೊಬ್ಬರ ಪೂರ್ತಿ ನಿಲ್ಲಿಸಿ. ಮುಂದೆಯೂ ವಸಂತದಲ್ಲಿ ಒಂದು ಇಂಚು ಕಾಂಪೋಸ್ಟ್ ಮೇಲೆ ಹರಡಿದರೆ ಧಾರಾಳವಾಯಿತು; ಸಾಧಾರಣ ಮಣ್ಣಾದರೆ ಅದೂ ಬೇಕಿಲ್ಲ.

ನೆಟ್ಟ ಮೊದಲ ಬೇಸಿಗೆಯಲ್ಲಿ ವಾರಕ್ಕೆ ಒಂದು ಇಂಚು ನೀರು, ಮಳೆಯನ್ನೂ ಲೆಕ್ಕಕ್ಕೆ ಹಿಡಿದು. ಅದನ್ನು ಎರಡು ಸಲಕ್ಕೆ ಹಂಚಿ, ಬುಡಕ್ಕೆ ನಿಧಾನವಾಗಿ ಕೊಡಿ. ದಿನವೂ ಮೇಲೆಮೇಲೆ ಚಿಮುಕಿಸಿದರೆ ಬೇರು ಆಳಕ್ಕೆ ಇಳಿಯುವುದೇ ಇಲ್ಲ. ಎರಡನೇ ವರ್ಷದಿಂದ, ಎರಡು ಮೂರು ವಾರ ಮಳೆಯೇ ಬಾರದಿದ್ದರೆ ಮಾತ್ರ ನೀರು.

ಈಗ ಮಲಗಿರುವುದಕ್ಕೆ ಗೂಟ ಕೊಟ್ಟು ಕಟ್ಟಿ, ಬೇರೆ ದಾರಿಯಿಲ್ಲ. ಮುಂದಿನ ವರ್ಷ ಮೇ ಕೊನೆಯಲ್ಲಿ, ಮೊಗ್ಗು ಮೂಡುವ ಮೊದಲು, ಕಾಂಡಗಳನ್ನು ಮೂರನೇ ಒಂದು ಭಾಗ ಚಿವುಟಿ ಹಾಕಿ. ಹೂ ಎರಡು ಮೂರು ವಾರ ತಡವಾಗುತ್ತದೆ, ಗಿಡ ಮಾತ್ರ ಗಿಡ್ಡವಾಗಿ, ಕವಲೊಡೆದು ನಿಲ್ಲುತ್ತದೆ. ಗಿಡಗಳ ನಡುವೆ 18ರಿಂದ 24 ಇಂಚು ಅಂತರ ಇದೆಯೇ ನೋಡಿ. ಒತ್ತೊತ್ತಾಗಿದ್ದರೆ ಆಗಸ್ಟ್‌ನಲ್ಲಿ ಎಲೆಗೆ ಬೂದಿ ರೋಗ ಬರುವುದು ಬಹುತೇಕ ಖಚಿತ.

ಪ್ರಶ್ನೆ: ಎರಡು ವರ್ಷದಿಂದ ಬೀಜ ಹಾಕುತ್ತಿದ್ದೇನೆ. ಮೊದಲ ಸಲ ಮೊಳೆಯಲಿಲ್ಲ, ಈ ಸಲ ನಾಲ್ಕು ಸಸಿ ಬಂದರೂ ಬರೀ ಎಲೆ. ಬೀಜವೇ ಕೆಟ್ಟದ್ದೇ? — ಎಡಿಸನ್, ನ್ಯೂಜೆರ್ಸಿ

ಬೀಜವನ್ನು ದೂರಬೇಡಿ. ತವರಿನಲ್ಲಿ ಈ ಬೀಜ ಒದ್ದೆ ನೆಲದಲ್ಲಿ ಒಂದು ಚಳಿಗಾಲ ಕಳೆದೇ ಮೊಳೆಯುವುದು. ಆ ಚಳಿಯನ್ನು ಫ್ರಿಜ್‌ನಲ್ಲಿ ಕೊಡಬಹುದು: ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಮಾತ್ರ ತೇವವಿರುವ ಮರಳಿಗೆ ಬೀಜ ಬೆರೆಸಿ, ಜಿಪ್ ಚೀಲದಲ್ಲಿ ಹಾಕಿ, 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ 30 ದಿನ ಇಡಿ. ಫ್ರೀಜರ್‌ನಲ್ಲಿ ಅಲ್ಲ, ಕೆಳಗಿನ ತರಕಾರಿ ಖಾನೆಯಲ್ಲಿ. ಇದು ನೇರಳೆ ಕೋನ್‌ಫ್ಲವರ್‌ನ ಲೆಕ್ಕ. ಎಸಳು ಸಣ್ಣಗೆ ಇಳಿಬೀಳುವ ಪ್ಯಾಲಿಡಾ ಜಾತಿಗೆ ಎರಡರಿಂದ ಮೂರು ತಿಂಗಳು ಬೇಕು.

ಆಮೇಲೆ 3 ಮಿಲಿಮೀಟರ್ ಆಳಕ್ಕೆ ಬಿತ್ತಿ. ಅರ್ಧ ಇಂಚು ಮಣ್ಣು ಮುಚ್ಚಿದರೆ ಬಹಳಷ್ಟು ಬೀಜ ಮೇಲೇಳುವುದಿಲ್ಲ. ನಿಮ್ಮ ಮೊದಲ ಸಲದ ಸೋಲಿಗೆ ಇದೂ ಕಾರಣವಿರಬಹುದು. 20 ಡಿಗ್ರಿ ಬಿಸಿಯಲ್ಲಿ 10ರಿಂದ 20 ದಿನಕ್ಕೆ ಮೊಳಕೆ. ಮಣ್ಣು ಸದಾ ಒದ್ದೆಯಾಗಿದ್ದರೆ ಎಳೆ ಸಸಿ ಬುಡದಲ್ಲಿ ಕರಗಿ ಬೀಳುತ್ತದೆ, ಆದ್ದರಿಂದ ಟ್ರೇಗೆ ಕೆಳಗಿನಿಂದ ನೀರು ಹೀರಿಸಿ. ಇಷ್ಟೆಲ್ಲ ತಲೆನೋವು ಬೇಡವೆಂದರೆ ಹಾಲಿನ ಪ್ಲಾಸ್ಟಿಕ್ ಕ್ಯಾನನ್ನು ಅಡ್ಡ ಕೊಯ್ದು, ತಳಕ್ಕೆ ತೂತು ಹಾಕಿ, ಮಣ್ಣು ತುಂಬಿ, ಡಿಸೆಂಬರ್‌ನಲ್ಲಿ ಬಿತ್ತಿ ಮುಚ್ಚಳ ತೆಗೆದು ಹೊರಗಿಟ್ಟುಬಿಡಿ. ಹಿಮ ಬೀಳಲಿ, ಕರಗಲಿ. ಏಪ್ರಿಲ್ ಹೊತ್ತಿಗೆ ತಾನೇ ಹುಟ್ಟುತ್ತದೆ.

ಮೊದಲ ವರ್ಷ ಎಲೆ ಮಾತ್ರ ಬರುವುದು ಸಹಜ, ಹೂ ಎರಡನೇ ಬೇಸಿಗೆಗೆ. ಆ ನಾಲ್ಕು ಸಸಿ ಕೀಳಬೇಡಿ. ಅದೇ ವರ್ಷ ಹೂ ಬೇಕೆಂದರೆ ‘ಪೌವೌ ವೈಲ್ಡ್ ಬೆರಿ’ ಅಥವಾ ‘ಶೈಯೆನ್ ಸ್ಪಿರಿಟ್’ ಬೀಜವನ್ನು ಫೆಬ್ರವರಿಯಲ್ಲೇ ಒಳಗೆ ಬಿತ್ತಿ.

ಪ್ರಶ್ನೆ: ಹೂವಿನ ಶಂಕುವಿನಿಂದ ಹಸಿರು ಎಲೆಯಂಥ ಕುಚ್ಚು ಹೊರಡುತ್ತಿದೆ. ಕೆಲವು ಹೂ ಪೂರ್ತಿ ಹಸಿರು. ಯಾವ ಔಷಧಿ ಹೊಡೆಯಬೇಕು? — ಮಿನಿಯಾಪೊಲಿಸ್, ಮಿನಸೋಟ

ಔಷಧಿಗೆ ಮೊದಲು ಗಿಡವನ್ನು ಬುಡದಿಂದ ತುದಿಯವರೆಗೆ ನೋಡಿ. ಒಂದೇ ಬಗೆಯಾಗಿ ಕಾಣುವ ಎರಡು ತೊಂದರೆಗಳಿವೆ. ಒಂದರಲ್ಲಿ ಗಿಡ ಉಳಿಸಬಹುದು, ಇನ್ನೊಂದರಲ್ಲಿ ಆಗದು.

ಎಸಳುಗಳೂ ಹಸಿರಾಗಿ ಕುಗ್ಗಿವೆಯೇ? ಎಲೆ ಹಳದಿಗೆ ತಿರುಗಿ, ಕಾಂಡದಿಂದ ಸಣ್ಣ ಸಣ್ಣ ಕವಲು ಪೊರಕೆಯಂತೆ ಹೊರಟಿವೆಯೇ? ಹಾಗಿದ್ದರೆ ಅದು ಆಸ್ಟರ್ ಯೆಲ್ಲೋಸ್. ಕಾರಣ ಫೈಟೋಪ್ಲಾಸ್ಮಾ ಎಂಬ, ಗಿಡದ ಆಹಾರ ಸಾಗಿಸುವ ನಾಳಗಳಲ್ಲಿ ಬದುಕುವ ಸೂಕ್ಷ್ಮಜೀವಿ. ಒಂದು ಗಿಡದಿಂದ ಇನ್ನೊಂದಕ್ಕೆ ಒಯ್ಯುವುದು ಜಿಗಿಹುಳು. ನಮ್ಮ ಊರಿನ ಬದನೆಯ ಸಣ್ಣ ಎಲೆ ರೋಗವೂ, ಎಳ್ಳಿನಲ್ಲಿ ಹೂವಿನ ಬದಲು ಎಲೆಗುಚ್ಛ ಬರುವ ರೋಗವೂ ಇದೇ ಜಾತಿಯವು. ಅವನ್ನು ಕಂಡವರಿಗೆ ಇದರ ಗುರುತು ತಕ್ಷಣ ಹತ್ತುತ್ತದೆ. ನಿಮ್ಮಲ್ಲಿಗೆ ಈ ಹುಳು ವಸಂತದ ತೆಂಕಣಗಾಳಿಯ ಜೊತೆ ದಕ್ಷಿಣದ ರಾಜ್ಯಗಳಿಂದ ಬರುತ್ತದೆ.

ಇದಕ್ಕೆ ಮದ್ದಿಲ್ಲ. ಹೂ ಮಾತ್ರ ಕತ್ತರಿಸಿದರೆ ಬುಡದಲ್ಲಿ ರೋಗ ಉಳಿಯುತ್ತದೆ, ಮುಂದಿನ ವರ್ಷ ಪಕ್ಕದ ಗಿಡಕ್ಕೂ ದಾಟುತ್ತದೆ. ಬೇರುಸಹಿತ ಕಿತ್ತುಬಿಡಿ. ಗಿಡ ಸತ್ತರೆ ಜೀವಿಯೂ ಸಾಯುತ್ತದೆ, ಮಣ್ಣಿನಲ್ಲಿ ಉಳಿಯದು; ಅದೇ ಜಾಗದಲ್ಲಿ ಹೊಸ ಗಿಡ ನೆಡಲು ಅಡ್ಡಿಯಿಲ್ಲ. ಸುತ್ತಲಿನ ಡ್ಯಾಂಡೆಲಿಯನ್, ಕಾಡು ಕ್ಯಾರೆಟ್ ಕಳೆಗಳಲ್ಲೂ ರೋಗ ಅಡಗಿರುತ್ತದೆ, ಅವನ್ನೂ ತೆಗೆಯಿರಿ. ಜಿಗಿಹುಳುವಿಗೆಂದು ಕೀಟನಾಶಕ ಹೊಡೆದರೆ ಸಾಯುವುದು ಹೂವಿಗೆ ಬರುವ ಜೇನು. ಹುಳು ಹೊಸದಾಗಿ ಬರುತ್ತಲೇ ಇರುತ್ತದೆ.

ಬದಲಿಗೆ ಎಲೆ, ಕಾಂಡ, ಎಸಳು ಎಲ್ಲ ಚೆನ್ನಾಗಿದ್ದು, ಶಂಕುವಿನ ನೆತ್ತಿಯಲ್ಲಿ ಮಾತ್ರ ಗೋಜಲು ಕುಚ್ಚು ಇದ್ದರೆ ಅದು ನುಸಿಯ ಕೆಲಸ. ತೆಂಗಿನ ಕಾಯಿಯನ್ನು ಬಿರಿಸುವ ನುಸಿಯ ಬಳಗದ್ದೇ, ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು, ಮೊಗ್ಗಿನೊಳಗೆ ಕುಳಿತು ರಸ ಹೀರುತ್ತದೆ. ಕೆಟ್ಟ ಹೂಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಆ ವರ್ಷ ಮಾತ್ರ ಶರತ್ಕಾಲದಲ್ಲಿ ಗಿಡವನ್ನು ನೆಲಮಟ್ಟಕ್ಕೆ ಕೊಯ್ದು ಒಣ ಕಡ್ಡಿಯೆಲ್ಲ ಸಾಗಿಸಿ. ಗಿಡ ಉಳಿಯುತ್ತದೆ.

ಇನ್ನೊಂದು ಮಾತು: ಆಗಷ್ಟೇ ಬಿರಿಯುತ್ತಿರುವ ಹೂವಿನ ಎಸಳು ಮೊದಲ ಕೆಲವು ದಿನ ಹಸಿರು ಛಾಯೆಯಲ್ಲೇ ಇರುತ್ತದೆ. ‘ಗ್ರೀನ್ ಜ್ಯುವೆಲ್’ನಂಥ ತಳಿಗಳ ಬಣ್ಣವೇ ಹಸಿರು. ಒಂದು ವಾರ ಕಾದು ನೋಡದೆ ಗುದ್ದಲಿ ಹಿಡಿಯಬೇಡಿ.

ಪ್ರಶ್ನೆ: ನರ್ಸರಿಯಿಂದ ಕಿತ್ತಳೆ, ಕೆಂಪು ಬಣ್ಣದ ಜೋಡಿ ಎಸಳಿನ ತಳಿ ತಂದೆವು. ಮೊದಲ ವರ್ಷ ಚೆನ್ನಾಗಿ ಹೂ ಬಿಟ್ಟು, ಚಳಿಗಾಲದಲ್ಲಿ ಸತ್ತವು. ನಮ್ಮದು ಕಪ್ಪು ಜಿಗುಟು ಮಣ್ಣು. — ಪ್ಲಾನೊ, ಟೆಕ್ಸಸ್

ನಿಮ್ಮ ಮಣ್ಣು ಗದಗ, ಧಾರವಾಡ ಕಡೆಯ ಎರೆಮಣ್ಣಿನ ಸೋದರ. ಬೇಸಿಗೆಯಲ್ಲಿ ಬಿರುಕು, ಮಳೆಗೆ ಅಂಟು. ಕೋನ್‌ಫ್ಲವರ್ ಸಾಯುವುದು ಚಳಿಗಲ್ಲ, ಚಳಿಗಾಲದಲ್ಲಿ ಬುಡ ಒದ್ದೆಯಾಗಿ ಕೂತಿರುವುದಕ್ಕೆ. 8ರಿಂದ 12 ಇಂಚು ಎತ್ತರದ ಏರುಮಡಿ ಮಾಡಿ, ಕಾಂಪೋಸ್ಟ್ ಮತ್ತು ಸಣ್ಣ ಜಲ್ಲಿ ಬೆರೆಸಿ. ಎರೆಮಣ್ಣಿಗೆ ಬರೀ ಮರಳು ಬೆರೆಸಿದರೆ ಗಾರೆಯಾಗುತ್ತದೆ. ಗಿಡದ ಬುಡ ಮಣ್ಣಿನ ಮಟ್ಟಕ್ಕೇ ಇರಲಿ, ಹೂಳಬೇಡಿ. ಮರದ ಚಕ್ಕೆಯ ಹೊದಿಕೆಯನ್ನು ಬುಡದಿಂದ ಎರಡು ಮೂರು ಇಂಚು ದೂರ ಸರಿಸಿ. ನಿಮ್ಮ ಊರಿನ ಉರಿಗೆ ಸಂಜೆ ನಾಲ್ಕರ ಬಳಿಕ ಒಂದಿಷ್ಟು ನೆರಳು ಸಿಕ್ಕರೆ ಒಳ್ಳೆಯದೇ. ಆರು ಗಂಟೆ ನೇರ ಬಿಸಿಲು ಸಿಕ್ಕರೆ ಸಾಕು.

ಬಣ್ಣಬಣ್ಣದ ಮಿಶ್ರತಳಿಗಳು ಸಾಮಾನ್ಯವಾಗಿ ನೇರಳೆಯಷ್ಟು ಗಟ್ಟಿಯಲ್ಲ. ಅವು ಮೊದಲ ವರ್ಷವೇ ಹೂವಿಗೆ ಶಕ್ತಿಯೆಲ್ಲ ಸುರಿದು ಬೇರು ಕಟ್ಟದೆ ಸಾಯುತ್ತವೆ. ಮನಸ್ಸು ಗಟ್ಟಿ ಮಾಡಿ ಮೊದಲ ಬೇಸಿಗೆಯ ಮೊಗ್ಗು ಚಿವುಟಿ. ತಳಿ ಕೇಳಿದರೆ ನಾವು ಹೇಳುವುದು ಹಳೆಯ ‘ಮ್ಯಾಗ್ನಸ್’, ಇಲ್ಲವೇ ಡೆಲವೇರ್‌ನ ಮೌಂಟ್ ಕ್ಯೂಬಾ ಸೆಂಟರ್ ಪ್ರಯೋಗದಲ್ಲಿ ಮೊದಲ ಸ್ಥಾನಕ್ಕೆ ಬಂದ ‘ಪಿಕಾ ಬೆಲ್ಲಾ’. ಜೋಡಿ ಎಸಳಿನವಕ್ಕೆ ಜೇನು, ಚಿಟ್ಟೆ ಬರುವುದು ಕಡಿಮೆ ಎಂಬುದೂ ಅದೇ ಪ್ರಯೋಗದಲ್ಲಿ ಕಂಡಿದೆ.

ಪ್ರಶ್ನೆ: ಎಸಳು, ಎಲೆಗಳನ್ನು ಮಿರುಗುವ ಕಂದು-ಹಸಿರು ಜೀರುಂಡೆ ತಿನ್ನುತ್ತಿದೆ. ಬಾಡಿದ ಹೂ ಕತ್ತರಿಸಬೇಕೇ? — ಪಿಟ್ಸ್‌ಬರ್ಗ್

ಜಪಾನೀ ಜೀರುಂಡೆ. ಬೆಳಿಗ್ಗೆ ತಂಪಿಗೆ ಮರಗಟ್ಟಿರುವಾಗ ಸೋಪಿನ ನೀರಿನ ಡಬ್ಬಿಗೆ ಕೊಡವಿ. ಅಂಗಡಿಯ ವಾಸನೆ ಬಲೆ ಬೇಡ, ಅಕ್ಕಪಕ್ಕದ ಜೀರುಂಡೆಯನ್ನೂ ನಿಮ್ಮ ತೋಟಕ್ಕೆ ಕರೆಯುತ್ತದೆ. ಬಾಡಿದ ಹೂವನ್ನು ಆಗಸ್ಟ್ ಮಧ್ಯದವರೆಗೆ ಕೆಳಗಿನ ಎಲೆಯ ಮೇಲಕ್ಕೆ ಕತ್ತರಿಸುತ್ತಿದ್ದರೆ ಹೊಸ ಮೊಗ್ಗು ಬರುತ್ತದೆ. ಆಮೇಲಿನವನ್ನು ಬಿಡಿ, ಗೋಲ್ಡ್‌ಫಿಂಚ್ ಹಕ್ಕಿಗಳು ಬೀಜ ಕೀಳಲು ಬರುತ್ತವೆ.

ಪ್ರಶ್ನೆ: ಮಗಳ ಮನೆಯಲ್ಲಿ ನೋಡಿ ಆಸೆಯಾಯಿತು. ಬೆಂಗಳೂರಿನ ತಾರಸಿಯಲ್ಲಿ ಬೆಳೆಯಬಹುದೇ? ಬೇರಿನ ಕಷಾಯ ಶೀತಕ್ಕೆ ಒಳ್ಳೆಯದಂತೆ. — ಜಯನಗರ

ಗಿಡ ಬೆಳೆಯುತ್ತದೆ, ಹೂ ಕಷ್ಟ. ಕೋನ್‌ಫ್ಲವರ್ ಚೆನ್ನಾಗಿ ಹೂ ಬಿಡಲು ದಿನದ ಬೆಳಕು ಸುಮಾರು 14 ಗಂಟೆ ಬೇಕು. ಬೆಂಗಳೂರಿನಲ್ಲಿ ಜೂನ್‌ನ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ, ಸಾಲದ್ದಕ್ಕೆ ಆಗ ಮೋಡ. ಪಾಲಿಹೌಸ್‌ನ ಸೇವಂತಿಗೆ ಬೆಳೆಗಾರರು ರಾತ್ರಿ ನಡುವೆ ದೀಪ ಉರಿಸಿ ಹೂವನ್ನು ತಡೆಯುತ್ತಾರಲ್ಲ, ಅದೇ ದೀಪ ಇಲ್ಲಿ ಹೂ ತರಿಸುತ್ತದೆ. ಗಿಡಕ್ಕೆ ಹತ್ತು ಹನ್ನೆರಡು ಎಲೆ ಬಂದ ಮೇಲೆ ರಾತ್ರಿ 10ರಿಂದ 2ರವರೆಗೆ ಒಂದು ಎಲ್‌ಇಡಿ ಬಲ್ಬ್ ಹಾಕಿ ಪ್ರಯತ್ನಿಸಿ. 12 ಇಂಚಿನ ಕುಂಡ, ಮೂರನೇ ಒಂದು ಭಾಗ ದಪ್ಪ ಮರಳು, ಮಳೆಗಾಲದಲ್ಲಿ ಸೂರಿನಡಿ. ಬೀಜವನ್ನು ಅಮೆರಿಕದಿಂದ ಸೂಟ್‌ಕೇಸಿನಲ್ಲಿ ತರಿಸಬೇಡಿ. ಆಮದು ಅನುಮತಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ತರುವಂತಿಲ್ಲ.

ಬರೀ ಬಣ್ಣ ಬೇಕೆಂದರೆ ಇಷ್ಟು ಸಾಹಸ ಬೇಡ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ (ಐಐಎಚ್‌ಆರ್) ಚೈನಾ ಆಸ್ಟರ್ ತಳಿಗಳಾದ ಕಾಮಿನಿ, ಪೂರ್ಣಿಮಾ, ಶಶಾಂಕ ತಾರಸಿಯಲ್ಲಿ ಸುಲಭ. ಗೈಲಾರ್ಡಿಯಾ ಇನ್ನೂ ಸುಲಭ, ಅದೂ ಅಮೆರಿಕ ಮೂಲದ್ದೇ.

ಕಷಾಯದ ವಿಷಯ ವೈದ್ಯರನ್ನು ಕೇಳಿ. ಪಾರ್ಥೇನಿಯಂ ಅಥವಾ ಸೇವಂತಿಗೆಗೆ ಅಲರ್ಜಿ ಇರುವವರಿಗೆ ಅದೇ ಕುಟುಂಬದ ಇದೂ ಆಗದಿರಬಹುದು. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಂತೂ ಮುಟ್ಟಬಾರದು.