ಲ್ಯಾಂಡಿಂಗ್ ಹೊತ್ತಲ್ಲಿ ಸ್ಲಿಪ್ ಮಾಡೋಕೆ ಭಯ ಆಗುತ್ತೆ, ಸುರಕ್ಷಿತವಾಗಿ ಕಲಿಯೋದು ಹೇಗೆ?

ನನಗೂ ಇದೇ ಭಯವಿತ್ತು. ರನ್‌ವೇ ಎದುರಿಗಿದೆ, ಎತ್ತರ ಜಾಸ್ತಿಯಾಗಿದೆ, ಅಂಥ ಹೊತ್ತಲ್ಲಿ ಎತ್ತರ ಕಳೆಯಲು ಬೇಕೆಂದೇ ವಿಮಾನವನ್ನು ಓರೆ ಮಾಡು (ಇದೇ ಸ್ಲಿಪ್) ಅಂದರೆ ಮೈ ಒಪ್ಪುವುದಿಲ್ಲ. ಆ ಭಯ ಹೋಗಿದ್ದು ರನ್‌ವೇ ಹತ್ತಿರ ಅಲ್ಲ, 3000 ಅಡಿ ಮೇಲೆ.

ನನ್ನ ಬೋಧಕರು ಎಂಜಿನ್ ಐಡಲ್‌ಗೆ ತಂದು, ಕೆಳಗಿದ್ದ ನೇರ ರಸ್ತೆ ತೋರಿಸಿ, "ಇದನ್ನು ಬಿಟ್ಟು ಆಚೀಚೆ ಹೋಗಬೇಡಿ" ಅಂದರು. ಎಡ ರೆಕ್ಕೆ ಇಳಿಸಿ, ಬಲ ರಡರ್ ಪೆಡಲ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಕಾಲಿನ ಪೆಡಲ್) ಒತ್ತುತ್ತಾ ಹೋದೆ. ಮೂತಿ ಬಲಕ್ಕೆ ತಿರುಗಿ ನಿಂತಿತು, ವಿಮಾನ ಮಾತ್ರ ರಸ್ತೆಗುಂಟ ಸಾಗುತ್ತಲೇ ಇತ್ತು. ಮೈ ಎಡಬಾಗಿಲಿಗೆ ವಾಲಿತ್ತು, ಗಾಳಿಯ ಸದ್ದು ಬೇರೆಯಾಗಿತ್ತು, ಪೆಡಲ್ ಮೇಲೆ ಬಲಗಾಲು ನಡುಗುತ್ತಿತ್ತು. ವಿಮಾನದ ಪಕ್ಕೆಯೇ ಗಾಳಿಗೆ ಅಡ್ಡ ನಿಂತು ಬ್ರೇಕ್ ಆಗುವುದರಿಂದ, ವೇಗ ಏರದೆ ಎತ್ತರ ಮಾತ್ರ ಸರಸರ ಕರಗುತ್ತದೆ. 1983ರ ಜುಲೈ 23ರಂದು ಇಂಧನ ಮುಗಿದ ಬೋಯಿಂಗ್ 767 ಅನ್ನು ಕೆನಡಾದ ಗಿಮ್ಲಿಯಲ್ಲಿ ಇಳಿಸಲು ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಮಾಡಿದ್ದೂ ಇದೇ. ಅವರಿಗೆ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸಿದ ಅನುಭವವಿತ್ತು.

ನಿಜವಾದ ಅಪಾಯ ಓರೆಯಲ್ಲಿಲ್ಲ, ಯೋಕ್ (ವಿಮಾನದ ಸ್ಟೀರಿಂಗ್) ಹಿಂದಕ್ಕೆ ಎಳೆಯುವುದರಲ್ಲಿದೆ. ವೇಗ ಕುಸಿದು, ಕಂಟ್ರೋಲ್‌ಗಳು ಎದುರುಬದುರಾಗಿರುವಾಗಲೇ ಸ್ಟಾಲ್ ಆದರೆ, ಅಂದರೆ ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯುವ ಶಕ್ತಿ ಕಳೆದುಕೊಂಡರೆ, ನೆಲದ ಹತ್ತಿರ ಸರಿಪಡಿಸಿಕೊಳ್ಳಲು ಜಾಗವೇ ಇರುವುದಿಲ್ಲ. ವೇಗದ ಮುಳ್ಳನ್ನೂ ಪೂರ್ತಿ ನಂಬಬೇಡಿ. ಸೆಸ್ನಾ 172ರಂಥ ಸಣ್ಣ ವಿಮಾನದಲ್ಲಿ ಹೊರಗಿನ ಗಾಳಿಯ ಒತ್ತಡ ಅಳೆಯುವ ತೂತು, ಅಂದರೆ ಸ್ಟ್ಯಾಟಿಕ್ ಪೋರ್ಟ್, ಒಂದೇ ಪಕ್ಕದಲ್ಲಿರುತ್ತದೆ, ಹಾಗಾಗಿ ಓರೆಯಾದಾಗ ಮುಳ್ಳು ತಪ್ಪು ತೋರಿಸುತ್ತದೆ. ಸರಿಯಾದ ವೇಗದಲ್ಲಿ ಮೂತಿ ದಿಗಂತದಿಂದ ಎಷ್ಟು ಕೆಳಗಿರುತ್ತದೆ ಅನ್ನುವುದು ಕಣ್ಣಿಗೆ ರೂಢಿಯಾಗುವವರೆಗೆ ಮೇಲೆಯೇ ಅಭ್ಯಾಸ ಮಾಡಿ.

ಸ್ಲಿಪ್‌ನಿಂದ ಹೊರಬರುವುದನ್ನು ಇನ್ನೂ ಹೆಚ್ಚು ಸಲ ಮಾಡಿ. ನಾನು ಮೊದಮೊದಲು ಪೆಡಲ್ ತಟ್ಟನೆ ಬಿಡುತ್ತಿದ್ದೆ. ಮೂತಿ ರಪ್ಪನೆ ತಿರುಗಿ, ಬೇಡದ ವೇಗ ಬಂದುಬಿಡುತ್ತಿತ್ತು. ರೆಕ್ಕೆ ಸಮ ಮಾಡುತ್ತಾ ಕಾಲನ್ನೂ ಜೊತೆಜೊತೆಗೇ ಸಡಿಲಿಸಬೇಕು.

ಅಡ್ಡಗಾಳಿಯಿದ್ದರೆ ಗಾಳಿ ಬರುವ ಕಡೆಯ ರೆಕ್ಕೆಯನ್ನೇ ಇಳಿಸಿ. ಫ್ಲಾಪ್ (ರೆಕ್ಕೆಯ ಹಿಂಬದಿಯಲ್ಲಿ ಇಳಿಸುವ ಪಟ್ಟಿ) ವಿಷಯಕ್ಕೆ ನಿಮ್ಮ ವಿಮಾನದ ಕೈಪಿಡಿ ಓದಲೇಬೇಕು. 172ರ ಕೆಲವು ಕೈಪಿಡಿಗಳಲ್ಲಿ 20 ಡಿಗ್ರಿಗಿಂತ ಹೆಚ್ಚು ಫ್ಲಾಪ್ ಇದ್ದಾಗ ಕಡಿದಾದ ಸ್ಲಿಪ್ ಬೇಡ ಎಂದಿದೆ, ಮೂತಿ ಏರಿಸಿ ಇಳಿಸುವ, ಬಾಲದಲ್ಲಿರುವ ಎಲಿವೇಟರ್ ಅಲುಗಾಡಬಹುದು ಅಂತ.

ರನ್‌ವೇಗೆ ಇಳಿಯುವಾಗ ಸ್ಲಿಪ್ ಶುರು ಮಾಡಿದಾಗ ಬೋಧಕರು ಪಕ್ಕದಲ್ಲಿರಲಿ. 200 ಅಡಿಗೆ ಬರುವ ಮೊದಲೇ ನೇರವಾಗುವುದು ನಾನೇ ಹಾಕಿಕೊಂಡ ಗೆರೆ. ಆಗಲೂ ಎತ್ತರ ಜಾಸ್ತಿ ಉಳಿದಿದ್ದರೆ ಥ್ರಾಟಲ್ ಪೂರ್ತಿ ಕೊಟ್ಟು ಗೋ ಅರೌಂಡ್ ಮಾಡುತ್ತೇನೆ, ಅಂದರೆ ಇಳಿಯದೆ ಮತ್ತೆ ಮೇಲೇರುತ್ತೇನೆ.