ತೂಕ ಇಳಿಸಲು ಮುದ್ದೆ ಬಿಡಬೇಕೇ?

ಪ್ರಶ್ನೆ: ನನಗೆ 38 ವರ್ಷ. ಮಂಡ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅತ್ತೆ, ಮಾವ, ಪತಿ ಮತ್ತು ಮಗನೊಂದಿಗೆ ಇದ್ದೇನೆ. ಎತ್ತರ 156 ಸೆಂಟಿಮೀಟರ್, ತೂಕ 78 ಕಿಲೊ. ಈಚೆಗೆ ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಯಲ್ಲಿ ಸಕ್ಕರೆ 108 ಬಂದಿತು. ಮಧುಮೇಹದ ಅಂಚಿನಲ್ಲಿದ್ದೀರಿ, ತೂಕ ಇಳಿಸಿ ಎಂದು ವೈದ್ಯರು ಹೇಳಿದ್ದಾರೆ. ನಾನು ಕೂತು ಉಣ್ಣುವುದು ಹೆಚ್ಚೇನಲ್ಲ: ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಅನ್ನ, ರಾತ್ರಿ ಒಂದು ಮುದ್ದೆ, ಮೇಲೆ ಸ್ವಲ್ಪ ಅನ್ನ. ದಿನಕ್ಕೆ ನಾಲ್ಕು ಲೋಟ ಟೀ ಕುಡಿಯುತ್ತೇನೆ. ಅದಕ್ಕೂ ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಳ್ಳುತ್ತಿದ್ದೇನೆ. ಎಲ್ಲರ ಊಟವಾದ ಮೇಲೆ ಮಿಕ್ಕಿದ್ದನ್ನು ಚೆಲ್ಲಲು ಮನಸ್ಸು ಬಾರದೆ ನಾನೇ ತಿನ್ನುವುದುಂಟು. ಮುದ್ದೆ ಬಿಟ್ಟು ರಾತ್ರಿ ಬರೀ ಹಣ್ಣು ತಿನ್ನು ಎಂದು ಓರಗಿತ್ತಿ ಹೇಳುತ್ತಾರೆ. ಪರಿಚಿತರೊಬ್ಬರು ಊಟದ ಬದಲು ಕಲಸಿ ಕುಡಿಯುವ ಪುಡಿಯ ಡಬ್ಬಿ ಕೊಳ್ಳುವಂತೆ ಒತ್ತಾಯಿಸುತ್ತಿದ್ದಾರೆ. ಎಲ್ಲಿಂದ ಆರಂಭಿಸಲಿ?
– ಹೆಸರು ಬೇಡ, ಮಂಡ್ಯ

ಉತ್ತರ: ಮುದ್ದೆಯಿಂದ ಆರಂಭಿಸಬೇಡಿ. ನಿಮ್ಮ ಪತ್ರದಲ್ಲಿ ಕೂತು ಉಣ್ಣುವುದರ ಲೆಕ್ಕ ಸರಿಯಾಗಿದೆ. ನಿಂತುಕೊಂಡು ತಿನ್ನುವುದರ ಲೆಕ್ಕ ಮಾತ್ರ ಯಾರೂ ಇಟ್ಟಿಲ್ಲ. ಮಗ ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ, ಪಾತ್ರೆಯ ತಳದಲ್ಲಿ ಉಳಿದ ಚಿತ್ರಾನ್ನ, ಬಾಣಲೆಯಿಂದ ತೆಗೆಯುವಾಗ ಬೆಂದಿದೆಯೇ ಎಂದು ಮುರಿದು ನೋಡಿದ ಬಜ್ಜಿ, ಇವು ಯಾವುವೂ ಊಟವೆನಿಸಿಕೊಳ್ಳುವುದಿಲ್ಲವಾದರೂ ಮೈಗೆ ಸೇರುವುದು ಊಟದಂತೆಯೇ. ಒಂದು ವಾರ ಏನನ್ನೂ ಬದಲಿಸದೆ, ಬಾಯಿಗೆ ಹೋದದ್ದನ್ನೆಲ್ಲ ಮಗನ ಹಳೆಯ ನೋಟ್ ಪುಸ್ತಕದಲ್ಲಿ ಬರೆದಿಡಿ. ಬರೆಯಬೇಕಾದೀತೆಂಬ ಕಾರಣಕ್ಕೇ ಕೈ ಅರ್ಧ ಹಿಂದೆಗೆಯುತ್ತದೆ. ಮಿಕ್ಕುವ ಅನ್ನಕ್ಕೆ ಪರಿಹಾರ ನಿಮ್ಮ ಹೊಟ್ಟೆಯಲ್ಲ. ಅಕ್ಕಿ ಅಳೆಯುವಾಗಲೇ ಅರ್ಧ ಪಾವು ಕಡಿಮೆ ಹಾಕಿ, ತಟ್ಟೆಯಲ್ಲಿ ಉಳಿದ ಒಂದು ಹಿಡಿಯನ್ನು ಕಲಗಚ್ಚಿಗೆ ಬಿಡಿ. ಇದಕ್ಕೆ ಅತ್ತೆಯವರೂ ಬೇಸರಿಸಲಾರರು.

ಬೆಲ್ಲದ ವಿಷಯವನ್ನು ಮಂಡ್ಯದವರಿಗೆ ಹೇಳುವುದು ಕಷ್ಟವೇ ಸರಿ. ಆದರೆ ತೂಕದ ಮಟ್ಟಿಗೆ ಆಲೆಮನೆಯ ಬೆಲ್ಲಕ್ಕೂ ಕಾರ್ಖಾನೆಯ ಸಕ್ಕರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬೆಲ್ಲದಲ್ಲಿ ಅಲ್ಪಸ್ವಲ್ಪ ಖನಿಜಾಂಶವಿದ್ದರೂ ಅದರ ಬಹುಪಾಲು ಸಕ್ಕರೆಯೇ ಆಗಿರುವುದರಿಂದ ರಕ್ತದ ಸಕ್ಕರೆಯನ್ನು ಅದೂ ಏರಿಸುತ್ತದೆ. ಲೋಟಕ್ಕೆ ಎರಡು ಚಮಚದಂತೆ ನಾಲ್ಕು ಲೋಟಕ್ಕೆ ಎಂಟು ಚಮಚ, ಅಂದರೆ ಸುಮಾರು 40 ಗ್ರಾಂ, 160 ಕ್ಯಾಲೊರಿ. ಟೀಯನ್ನು ಎರಡು ಲೋಟಕ್ಕೆ ಇಳಿಸಿ, ವಾರಕ್ಕೆ ಅರ್ಧ ಚಮಚದಂತೆ ಸಿಹಿ ಕಡಿಮೆ ಮಾಡುತ್ತ ಬಂದರೆ ತಿಂಗಳೊಳಗೆ ನಾಲಿಗೆ ಒಗ್ಗಿಕೊಳ್ಳುತ್ತದೆ.

ಇನ್ನು ಮುದ್ದೆ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದ್ದರೆ ಅಷ್ಟೇ ಅಕ್ಕಿಯಲ್ಲಿ ಸುಮಾರು 350 ಇದೆ. ಶಕ್ತಿಯ ಲೆಕ್ಕದಲ್ಲಿ ಎರಡೂ ಹತ್ತಿರ ಹತ್ತಿರವೇ. ಆದರೆ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ ಮೂರು ಗ್ರಾಂಗೂ ಕಡಿಮೆ. ಸುಣ್ಣದ ಅಂಶದಲ್ಲಂತೂ ಅಕ್ಕಿ ರಾಗಿಯ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಬಿಡುವುದಿದ್ದರೆ ಮುದ್ದೆಯ ಮೇಲೆ ಉಣ್ಣುವ ಅನ್ನವನ್ನು ಬಿಡಿ. ಮುದ್ದೆ ಮುಗಿಸಿ, ಸಾರಿನೊಂದಿಗೆ ಅನ್ನ, ಕೊನೆಗೆ ಮಜ್ಜಿಗೆಗೆ ಮತ್ತಷ್ಟು ಅನ್ನ ಎಂಬ ಕ್ರಮ ದಿನವಿಡೀ ಗದ್ದೆಯಲ್ಲಿ ದುಡಿದವರಿಗೆ ತಕ್ಕುದಾಗಿತ್ತು. ನಾಟಿಗೂ ಕೊಯ್ಲಿಗೂ ಯಂತ್ರ ಬಂದ ಮೇಲೂ ನಮ್ಮ ತಟ್ಟೆ ಮಾತ್ರ ಬದಲಾಗಲಿಲ್ಲ. ಒಂದು ಹೊತ್ತಿಗೆ ಮುದ್ದೆಯಾದರೆ ಮುದ್ದೆ, ಅನ್ನವಾದರೆ ಅನ್ನ ಎಂದು ಗೊತ್ತುಮಾಡಿಕೊಳ್ಳಿ, ಮಜ್ಜಿಗೆಯನ್ನು ಲೋಟದಲ್ಲಿ ಕುಡಿಯಿರಿ. ಇನ್ನೊಂದು ಮಾತು: ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ, ಹೊಟ್ಟೆ ತುಂಬಿದ್ದು ಅರಿವಿಗೆ ಬರಲು ಇಪ್ಪತ್ತು ನಿಮಿಷವಾದರೂ ಬೇಕಿರುವಾಗ ಮುದ್ದೆ ಐದೇ ನಿಮಿಷದಲ್ಲಿ ಮುಗಿದಿರುತ್ತದೆ. ಆದ್ದರಿಂದ ಬಸ್ಸಾರು ಮಾಡಿದ ದಿನ ಬಸಿದ ಸೊಪ್ಪು ಮತ್ತು ಕಾಳಿನ ಪಲ್ಯವನ್ನು ನಂಚಿಕೊಳ್ಳಲು ಒಂದು ಚಮಚ ಹಾಕಿಕೊಳ್ಳುವ ಬದಲು ಒಂದು ಬಟ್ಟಲು ಬಡಿಸಿಕೊಂಡು, ಮೊದಲು ಅದನ್ನು ಅಗಿದು ತಿಂದು, ಆಮೇಲೆ ಮುದ್ದೆ ಮುರಿಯಿರಿ. ಹುರುಳಿ, ಅವರೆ, ಅಲಸಂದೆ ಯಾವುದಾದರೂ ಆದೀತು. ಪ್ರೋಟೀನ್ ಸಾಕಷ್ಟಿದ್ದರೆ ಹಸಿವು ಬೇಗ ಮರುಕಳಿಸುವುದಿಲ್ಲ.

ರಾತ್ರಿ ಬರೀ ಹಣ್ಣು ತಿಂದವರು ಹತ್ತು ಗಂಟೆಯ ಹೊತ್ತಿಗೆ ನಿಪ್ಪಟ್ಟಿನ ಡಬ್ಬಿ ಹುಡುಕುವುದನ್ನು ಬಹಳ ಕಂಡಿದ್ದೇನೆ. ಪುಡಿಯಿಂದ ತೂಕ ಇಳಿಯುವುದು ಸುಳ್ಳಲ್ಲ, ಒಂದು ಹೊತ್ತಿನ ಊಟ ತಪ್ಪಿದರೆ ಯಾರಿಗಾದರೂ ಇಳಿಯುತ್ತದೆ. ಡಬ್ಬಿ ಮುಗಿದ ಮೇಲೆ ಹಳೆಯ ಊಟಕ್ಕೇ ಮರಳಬೇಕಾಗುವುದರಿಂದ ಆ ದುಡ್ಡಿಗೆ ತರಕಾರಿ ಕೊಳ್ಳುವುದು ಮೇಲು.

ಎಣ್ಣೆಯನ್ನೂ ಅಳೆದು ನೋಡಿ. ನಿಮ್ಮ ಐದು ಜನರ ಮನೆಯಲ್ಲಿ ತಿಂಗಳಿಗೆ ಐದು ಲೀಟರ್ ಖರ್ಚಾಗುತ್ತಿದ್ದರೆ ತಲೆಗೆ ದಿನಕ್ಕೆ 33 ಮಿಲಿಲೀಟರ್ ಆಯಿತು. ಅದನ್ನು ಮೂರು ಲೀಟರಿಗೆ ತಂದರೆ ಪ್ರತಿಯೊಬ್ಬರಿಗೂ ದಿನಕ್ಕೆ ನೂರು ಕ್ಯಾಲೊರಿಗೂ ಹೆಚ್ಚು ಉಳಿಯುತ್ತದೆ, ಯಾರೂ ಪಥ್ಯ ಮಾಡಿದಂತೆಯೂ ಆಗುವುದಿಲ್ಲ. ಕ್ಯಾನಿನಿಂದ ಬಗ್ಗಿಸುವುದನ್ನು ಬಿಟ್ಟು ಚಮಚದಲ್ಲಿ ಒಗ್ಗರಣೆ ಹಾಕಿದರೆ ಇದರಲ್ಲಿ ಅರ್ಧ ಕೆಲಸ ಆಯಿತು.

ನಿಮ್ಮ ಎತ್ತರಕ್ಕೆ ಈಗಿನ ದೇಹತೂಕ ಸೂಚ್ಯಂಕ 32. ಭಾರತೀಯರಿಗೆ ಅದು 23ರೊಳಗೆ ಇರಬೇಕು ಎನ್ನುತ್ತಾರೆ, ಆದರೆ ಆ ಅಂಕಿಯನ್ನು ಈಗ ಮರೆತುಬಿಡಿ. ಅಮೆರಿಕದಲ್ಲಿ ನಿಮ್ಮಂತೆಯೇ ಅಂಚಿನಲ್ಲಿದ್ದವರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಮಧುಮೇಹ ತಡೆ ಅಧ್ಯಯನದಲ್ಲಿ, ತೂಕದ ಶೇ 7ರಷ್ಟನ್ನು ಇಳಿಸುವ ಮತ್ತು ವಾರಕ್ಕೆ 150 ನಿಮಿಷ ನಡೆಯುವ ಗುರಿಯಿಟ್ಟುಕೊಂಡವರಲ್ಲಿ ಮಧುಮೇಹ ಕಾಣಿಸಿಕೊಳ್ಳುವುದು ಶೇ 58ರಷ್ಟು ಕಡಿಮೆಯಾಯಿತು. ನಿಮ್ಮ ಲೆಕ್ಕಕ್ಕೆ ಅದು ಐದೂವರೆ ಕಿಲೊ. ವಾರಕ್ಕೆ ಅರ್ಧ ಕಿಲೊ ಇಳಿದರೂ ಸಾಕು. ವಾರಕ್ಕೊಮ್ಮೆ ಮಾತ್ರ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ. ಮುಟ್ಟಿನ ದಿನಗಳಲ್ಲಿ ನೀರು ನಿಂತು ಕಿಲೊ ಏರಿದರೆ ಗಾಬರಿಯಾಗಬೇಡಿ. ಥೈರಾಯಿಡ್ ಪರೀಕ್ಷೆಯಾಗಿಲ್ಲದಿದ್ದರೆ ವೈದ್ಯರನ್ನು ಕೇಳಿ ಮಾಡಿಸಿ.

ಪ್ರಶ್ನೆ: ಮೂರು ತಿಂಗಳಿಂದ ರಾತ್ರಿ ಅನ್ನ ಬಿಟ್ಟು ನಾಲ್ಕು ಚಪಾತಿ ತಿನ್ನುತ್ತಿದ್ದೇನೆ. ತೂಕ ಸ್ವಲ್ಪವೂ ಇಳಿದಿಲ್ಲ, ಏಕೆ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಗೋಧಿಹಿಟ್ಟಿಗೂ ಅಕ್ಕಿಗೂ ಕ್ಯಾಲೊರಿಯಲ್ಲಿ ದೊಡ್ಡ ಅಂತರವಿಲ್ಲ. 30 ಗ್ರಾಂ ಹಿಟ್ಟಿನ ಚಪಾತಿಗೆ ಸುಮಾರು 100 ಕ್ಯಾಲೊರಿ, ಬೇಯಿಸುವಾಗ ಹಾಕುವ ಒಂದು ಚಮಚ ಎಣ್ಣೆಗೆ ಮತ್ತೆ 45. ನಾಲ್ಕು ಚಪಾತಿ ಸೇರಿದರೆ ಸುಮಾರು 580, ಅಂದರೆ ನಾಲ್ಕು ಸಣ್ಣ ಬಟ್ಟಲು ಅನ್ನಕ್ಕೂ ಮಿಗಿಲು. ನೀವು ಹಿಂದೆ ಅಷ್ಟು ಅನ್ನ ಉಣ್ಣುತ್ತಿದ್ದಿರೋ ಇಲ್ಲವೋ ನೆನಪಿಸಿಕೊಳ್ಳಿ. ಎಣ್ಣೆ ಹಾಕದೆ ಸುಟ್ಟ ಎರಡು ಚಪಾತಿ, ಜೊತೆಗೆ ಕಾಳಿನ ಪಲ್ಯ ಮತ್ತು ಅರ್ಧ ತಟ್ಟೆ ತರಕಾರಿ ಇರಲಿ. ಅನ್ನವೇ ಇಷ್ಟವೆಂದಾದರೆ ಚಪಾತಿಯ ಬದಲು ಒಂದೂವರೆ ಬಟ್ಟಲು ಅನ್ನವನ್ನು ಅದೇ ಪಲ್ಯ, ತರಕಾರಿಯೊಂದಿಗೆ ನಿಶ್ಚಿಂತೆಯಿಂದ ಉಣ್ಣಬಹುದು.